ಬಾಗಿಲಕ್ಕ ಮತ್ತು ತೊಳೆದ ಲೋಟಗಳು

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಬಾಗಿಲಕ್ಕ. ಕೈಲಾಗದ ಮನೆಗಳ ಮಕ್ಕಳಿಗೆ ಓದಲು ವಿದ್ಯಾರ್ಥಿವೇತನ ಕೊಡುವ ಸಂಸ್ಥೆ ಅದು. ಆ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವುದು ಅವಳ ಕೆಲಸ. ದೊಡ್ಡವರು ಯಾರೇ ಆಗಲಿ, ಒಂದು ಮಗುವಿನ ಜೊತೆ ಒಬ್ಬರೇ ಇರಕೂಡದು ಎಂಬುದು ಅಲ್ಲಿನ ನಿಯಮ. ನಿಯಮ ಗೋಡೆಯ ಮೇಲೆ ನೇತಾಡಿದರೆ ಸಾಲದೆಂದು ಅವಳು ಕೋಣೆಗಳ ಚಿಲಕಗಳನ್ನೇ ಬಿಚ್ಚಿಸಿ, ಮುಚ್ಚಿಕೊಳ್ಳದಂತೆ ಪ್ರತಿ ಬಾಗಿಲಿಗೂ ಒಂದೊಂದು ಇಟ್ಟಿಗೆ ಒತ್ತಿಟ್ಟಿದ್ದಳು. ಗಾಳಿಗೆ ಕಾಗದ ಹಾರಲಿ, ಲೆಕ್ಕ ಬರೆಯುವವನು ಶೀತವೆಂದು ಸೀನಿ ಸೀನಿ ಸಾಯಲಿ, ಇಟ್ಟಿಗೆ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

ಗಡಿಯಾರ ರಿಪೇರಿ ಮಾಡುವ ಗಂಡ ದಿನಾ ಮಲಗುವ ಮುಂಚೆ ಕೇಳುತ್ತಿದ್ದ, “ನಮ್ಮನೆ ಬಾಗಿಲು ಹಾಕ್ಲಾ, ಇಲ್ಲಾ ಇಲ್ಲಿಗೂ ಒಂದು ಇಟ್ಟಿಗೆ ತಂದಿದ್ದೀಯಾ?”

ಬಾಗಿಲು ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ನಿಜ. ಅವಳು ಎಡವಿದ್ದು ಬಾಗಿಲ ಹತ್ತಿರವಲ್ಲ.

ಪ್ರತಿ ವರ್ಷ ಹೊಸ ಮಕ್ಕಳು ಸೇರಿದಾಗ ಬಾಗಿಲಕ್ಕ ಅವರಿಗೊಂದು ಪಾಠ ಮಾಡುತ್ತಿದ್ದಳು. ದಾನಿಗಳು ಬಂದಾಗ ಹೇಗೆ ನಿಲ್ಲಬೇಕು, ಹೇಗೆ ನಗಬೇಕು, ಏನು ಹೇಳಬೇಕು ಎಂಬ ಪಾಠ. “ನೆಟ್ಟಗೆ ನಿಲ್ಲಿ. ಮುಖ ನೋಡಿ ಮಾತಾಡಿ. ಅವರು ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ಬಾರ್ದು, ನಗ್ತಾ ಥ್ಯಾಂಕ್ಸ್ ಹೇಳಬೇಕು” ಎನ್ನುವಳು. ಗುಬ್ಬಿಮರಿಯಂತೆ ಮುದುಡಿ ಬಂದ ಮಕ್ಕಳು ತಿಂಗಳೊಳಗೆ ಅರಳು ಹುರಿದಂತೆ ಮಾತಾಡತೊಡಗಿದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಚೂಟಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಒಬ್ಬಳೇ ಮಗಳು, ಹದಿನೈದರ ಹುಡುಗಿ. ಓದಿನಲ್ಲಿ ಚುರುಕು, ಕೈಕಾಲು ಚುರುಕು. ಹಾಗಾಗಿಯೇ ಬಾಗಿಲಕ್ಕ ಆ ಹೆಸರಿಟ್ಟಿದ್ದಳು. ಮುಂದೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಹಿಡಿಯಬೇಕು ಎಂಬುದು ಅವಳ ಆಸೆ. ವಿದ್ಯಾರ್ಥಿವೇತನ ನಿಂತರೆ ಆ ಆಸೆಯೂ ನಿಂತಂತೆಯೇ, ಅಮ್ಮನ ಪಕ್ಕದಲ್ಲೇ ಇನ್ನೊಂದು ಇಸ್ತ್ರಿ ಪೆಟ್ಟಿಗೆ.

ಸಂಸ್ಥೆಗೆ ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದವರು ಟೈಲ್ಸ್ ಅಂಗಡಿಗಳ ಯಜಮಾನರು. ಮಕ್ಕಳು ತಮ್ಮನ್ನು ಮಾಮ ಎಂದೇ ಕರೆಯಬೇಕೆಂದು ಅವರ ಅಪ್ಪಣೆ. ಪ್ರತಿ ಶನಿವಾರ ಬಂದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ಬಾಗಿಲು ತೆರೆದ ಕೋಣೆಯಲ್ಲಿ, ಎಲ್ಲರ ಕಣ್ಣೆದುರಿಗೇ. ಪಾಠ ಮುಗಿದ ಮೇಲೆ ಚೂಟಿಯ ಮನೆ ತಮ್ಮ ದಾರಿಯಲ್ಲೇ ಇದೆಯೆಂದು ಅವಳನ್ನು ಕಾರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದಿತು ಕಚೇರಿ. ಕಾರಿಗೂ ಬಾಗಿಲಿರುತ್ತದೆ ಎಂಬುದು ಬಾಗಿಲಕ್ಕನಂಥ ಬಾಗಿಲಕ್ಕನಿಗೇ ಹೊಳೆಯಲಿಲ್ಲ.

ಹೀಗಿರುವಾಗ ಚೂಟಿ ಶನಿವಾರಗಳಂದು ಹಿಂದೆ ಉಳಿದು ಎಲ್ಲರ ಟೀ ಲೋಟ ತೊಳೆಯತೊಡಗಿದಳು. ಯಾರೂ ಹೇಳಿರಲಿಲ್ಲ. “ನೋಡ್ರೋ, ಇವಳನ್ನ ನೋಡಿ ಕಲೀರಿ” ಎಂದು ಬಾಗಿಲಕ್ಕ ಉಳಿದ ಮಕ್ಕಳ ಮುಂದೆ ಹೊಗಳಿದಳು. ಹೊಗಳಿದಷ್ಟೂ ಹುಡುಗಿ ನಿಧಾನವಾಗಿ ತೊಳೆದಳು. ಕೆಳಗಿನಿಂದ ಕಾರಿನ ಹಾರನ್ ಕೇಳಿಸಿದಾಗ ಅಂಗಿಯ ತುದಿಗೇ ಕೈ ಒರೆಸಿಕೊಂಡು, ಆ ಪಾಠದ ನಗುವನ್ನು ಮುಖಕ್ಕೆ ತಂದುಕೊಂಡು ಮೆಟ್ಟಿಲಿಳಿಯುತ್ತಿದ್ದಳು.

ಒಂದು ಶನಿವಾರ ಬಾಗಿಲಕ್ಕನಿಗೆ ಪಾಪ ಎನಿಸಿತು. ಪರೀಕ್ಷೆ ಹತ್ತಿರ ಬಂತು, ಹುಡುಗಿ ಬೇಗ ಹೋಗಿ ಓದಿಕೊಳ್ಳಲಿ ಎಂದು ತಾನೇ ಮೊದಲು ಹೋಗಿ ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿ ಬಂದಳು. ಸ್ವಲ್ಪ ಹೊತ್ತಿಗೆ ಒಳಗೆ ನಲ್ಲಿಯ ಸದ್ದು. ಹೋಗಿ ನೋಡಿದರೆ, ಚೂಟಿ ತೊಳೆದ ಲೋಟಗಳನ್ನೇ ಒಂದೊಂದಾಗಿ ಎತ್ತಿಕೊಂಡು ಮತ್ತೆ ಸೋಪು ಹಚ್ಚಿ ತೊಳೆಯುತ್ತಿದ್ದಾಳೆ.

ಬಾಗಿಲಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ಗೇಟಿನ ಬಳಿ ಕಾರು ಕಾಯುತ್ತಿತ್ತು. ಆಗ ಅವಳಿಗೆ ಹೊಳೆಯಿತು.

ಏನೂ ಕೇಳದೆ ಪಕ್ಕದಲ್ಲಿ ನಿಂತು ಲೋಟ ಒರೆಸತೊಡಗಿದಳು. ಮಕ್ಕಳ ಬಾಯಿಗೆ ಕೋಲು ಹಾಕಿ ಮಾತು ಹೊರಡಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ಕೊನೆಗೆ ಹುಡುಗಿಯೇ ನಲ್ಲಿ ನಿಲ್ಲಿಸಿದಳು.

“ಅಕ್ಕಾ, ಬೇಡ ಅಂದ್ರೆ ಸ್ಕಾಲರ್‌ಶಿಪ್ ನಿಂತುಹೋಗುತ್ತಾ?”

“ಯಾರಿಗೆ ಬೇಡ ಅನ್ನೋದು ಮರಿ?”

“ಮಾಮಂಗೆ. ಮುಂದೆ ಕೂತ್ಕೋ ಅಂತಾರೆ. ಕೈ ಹಿಡ್ಕೋತಾರೆ, ಬಿಡಲ್ಲ. ಫೋನ್ ಕೊಡಿಸಿದ್ದಾರೆ, ಅಮ್ಮಂಗೆ ಹೇಳ್ಬೇಡ ಅಂದಿದ್ದಾರೆ.” ಅವಳು ಇದನ್ನು ಹೇಳುವಾಗಲೂ ನಗುತ್ತಲೇ ಇದ್ದಳು, ನಗು ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾರೂ ಕಲಿಸಿರಲಿಲ್ಲವಲ್ಲ. “ನೀವೇ ಹೇಳಿದ್ರಲ್ಲಕ್ಕಾ, ಕೊಟ್ಟಿದ್ದನ್ನ ಬೇಡ ಅನ್ಬಾರ್ದು ಅಂತ.”

ಇಲ್ಲಿಂದ ಮುಂದೆ ಆ ಯಜಮಾನನಿಗೆ ಬಹುವಚನ ಹಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ, ಕ್ಷಮಿಸಿ.

ಬಾಗಿಲಕ್ಕನಿಗೆ ಅಳು ಬಂತು, ನುಂಗಿಕೊಂಡಳು. “ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ. ಇದನ್ನ ನಾನು ಹೊಟ್ಟೇಲಿ ಇಟ್ಕೊಳ್ಳಕ್ಕಾಗಲ್ಲ ಮರಿ, ಅಧ್ಯಕ್ಷರಿಗೆ, ನಿಮ್ಮಮ್ಮಂಗೆ ಹೇಳಲೇಬೇಕು. ನಿನ್ನ ಓದು ನಿಲ್ಲೋಕೆ ನಾನು ಬಿಡಲ್ಲ. ಇವತ್ತು ಬಸ್ಸಲ್ಲಿ ಹೋಗೋಣ, ನಾನೂ ಬರ್ತೀನಿ.”

ಮೆಟ್ಟಿಲಿಳಿದು ಅವಳೊಬ್ಬಳೇ ಕಾರಿನ ಬಳಿ ಹೋದಳು. ಅವನು ಗಾಜು ಇಳಿಸಿ ನಕ್ಕ. “ಏನು, ಹುಡುಗಿ ಇನ್ನೂ ಬರಲಿಲ್ಲ?”

“ಅವಳು ನನ್ನ ಜೊತೆ ಬಸ್ಸಲ್ಲಿ ಬರ್ತಾಳೆ ಸರ್.”

“ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ? ವಾರವಾರ ನಾನೇ ತಾನೇ ಬಿಡ್ತಿರೋದು?”

ಛೆ ಛೆ, ಹಾಗಲ್ಲ ಸರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ವರ್ಷಗಟ್ಟಲೆ ಈ ಮನುಷ್ಯನೆದುರು ಅವಳೂ ನೆಟ್ಟಗೆ ನಿಂತು ನಕ್ಕವಳೇ. ಐವತ್ತು ದಾಟಿದ ಹೆಂಗಸು, ಗಂಡನ ಅಣ್ಣತಮ್ಮಂದಿರನ್ನೆಲ್ಲ ಮಾತಲ್ಲೇ ಮಣಿಸಿದವಳು, ಎರಡಕ್ಷರ ಹೊರಡಿಸಲು ಒದ್ದಾಡಿದಳು. ತನಗೇ ಇಷ್ಟು ಕಷ್ಟವಾದರೆ ಆ ಮಗುವಿಗೆ ಹೇಗಾಗಿರಬೇಡ ಎನಿಸಿತು.

“ಬೇಡ ಸರ್” ಎಂದಳು. ಧ್ವನಿ ನಡುಗಿತು, ಆದರೆ ಮಾತು ನಡುಗಲಿಲ್ಲ.

ಆ ಸಂಜೆ ಚೂಟಿಯ ಅಮ್ಮ ವಿಷಯ ಕೇಳಿ ಮಗಳನ್ನು ಅವಚಿಕೊಂಡಳು. ಆಮೇಲೆ ಅವಳು ಕೇಳಿದ್ದೂ ಅದನ್ನೇ. “ನನ್ ಮಗಳ ಓದು ನಿಲ್ಲಿಸ್ಬಿಡ್ತೀರಾ ಅಕ್ಕಾ?” ತಾಯಿಗೂ ಮಗಳಿಗೂ ಒಂದೇ ಭಯ. ಆ ಭಯವನ್ನು ಹುಟ್ಟಿಸಿದ್ದು ತಾವೇ ಎಂಬುದು ಬಾಗಿಲಕ್ಕನಿಗೆ ಆವತ್ತು ಮುಳ್ಳಿನಂತೆ ಚುಚ್ಚಿತು.

ಮರುದಿನ ಭಾನುವಾರವಾದರೂ ಅವಳು ಅಧ್ಯಕ್ಷೆಯ ಮನೆಗೇ ಹೋದಳು. ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೆಟ್ಟವರಲ್ಲ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ.

“ಅವರು ಕೈಬಿಟ್ರೆ ಎಷ್ಟು ಮಕ್ಕಳ ಓದು ತೂಗಾಡುತ್ತೆ ಗೊತ್ತಾ? ಸ್ವಲ್ಪ ಸಮಾಧಾನವಾಗಿ, ಅವರಿಗೆ ಬೇಜಾರಾಗದ ಹಾಗೆ ಹೇಳೋಣ. ನಮ್ಮ ನಿಯಮವೂ ಕೋಣೆಗೆ ತಾನೇ ಇರೋದು?”

“ಕೋಣೆಗೆ ಒಂದೇ ಬಾಗಿಲು ಮೇಡಂ, ಕಾರಿಗೆ ನಾಲ್ಕಿದೆ” ಎಂದಳು ಬಾಗಿಲಕ್ಕ. “ಒಬ್ಬರೇ ಇರಕೂಡದು ಅಂತ ನಿಯಮ ಬರೆದೋರು ನೀವು. ಅದನ್ನ ಕೋಣೆಗೆ ಮಾತ್ರ ಅಂದ್ಕೊಂಡು ಇಟ್ಟಿಗೆ ಇಟ್ಟ ಪೆದ್ದಿ ನಾನು. ವಾರವಾರ ನಾನೇ ಬಿಡ್ತೀನಿ ಅಂತ ಅವರೇ ಬಾಯಿಬಿಟ್ಟು ಹೇಳಿದಾರೆ. ಬೇಲಿನೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಗೆ ಬೇಜಾರಾಗುತ್ತೆ ಅಂತ ಕೂರೋಕಾಗುತ್ತಾ?”

ಅಧ್ಯಕ್ಷೆ ಎದ್ದು ಮಕ್ಕಳ ರಕ್ಷಣೆಯ ಅಧಿಕಾರಿಗೆ ತಾವೇ ಫೋನ್ ಮಾಡಿದರು. ಟೈಲ್ಸ್ ಯಜಮಾನ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ವಿಚಾರಣೆ ತನ್ನ ಪಾಡಿಗೆ, ಆಮೆಯ ಹಾಗೆ, ನಡೆಯತೊಡಗಿತು. ಅವನ ಹಣವೂ ಹೋಯಿತು. ಆ ವರ್ಷ ದಾನಿಗಳನ್ನು ಕರೆದು ಮಾಡುವ ವಾರ್ಷಿಕ ಸಮಾರಂಭವಿಲ್ಲ, ವೇದಿಕೆಯಿಲ್ಲ; ಅಧ್ಯಕ್ಷೆ ತಮ್ಮ ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ಕೇಳಿ, ಹೇಗೋ ಏನೋ, ಒಂದು ಮಗುವಿನ ಓದೂ ನಿಲ್ಲದಂತೆ ನೋಡಿಕೊಂಡರು.

ಮುಂದಿನ ವರ್ಷದ ಹೊಸ ಮಕ್ಕಳಿಗೆ ಬಾಗಿಲಕ್ಕ ಮೊದಲು ಕಲಿಸಿದ್ದು ಥ್ಯಾಂಕ್ಸ್ ಅಲ್ಲ. ಒಂದು ತಟ್ಟೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಒಬ್ಬೊಬ್ಬರ ಮುಂದೆಯೂ ನಿಂತಳು. “ಬೇಡ ಅನ್ನಿ, ನೋಡೋಣ.” ಮಕ್ಕಳು ಮುಸಿಮುಸಿ ನಕ್ಕರು, ನೆಲ ನೋಡಿದರು. ಒಬ್ಬ ಬೇಡ ಎನ್ನುತ್ತಲೇ ಬಿಸ್ಕತ್ತು ಬಾಯಿಗೆ ಹಾಕಿಕೊಂಡ. “ನಗದೆ ಹೇಳು. ಕಾರಣ ಕೊಡಬೇಕಾಗಿಲ್ಲ. ನನಗೂ ಹೇಳಬಹುದು, ಅಧ್ಯಕ್ಷರಿಗೂ ಹೇಳಬಹುದು. ಹೇಳಿದ್ರೆ ಯಾರ ಓದೂ ನಿಲ್ಲಲ್ಲ.” ಚೂಟಿ ಹಿಂದಿನ ಬೆಂಚಿನಲ್ಲಿ ಟೀ ಕುಡಿಯುತ್ತಾ ನೋಡುತ್ತಿದ್ದಳು. ಆ ಶನಿವಾರದಿಂದೀಚೆಗೆ ಅವಳು ಮಾತು ಕಡಿಮೆ ಮಾಡಿದ್ದಳು.

ಆ ವರ್ಷ ಸಮಾರಂಭ ಮತ್ತೆ ನಡೆಯುವುದಿತ್ತು. ಚೂಟಿಗೆ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಪಾಠ ಮುಗಿದ ಮೇಲೆ ಬಾಗಿಲಕ್ಕ ಅವಳ ಪಕ್ಕ ಕುಳಿತು ಬೆಣ್ಣೆಯಂಥ ಮಾತಿನಲ್ಲಿ ಶುರುಮಾಡಿದಳು. “ಮರಿ, ಈ ಸಲ ಸ್ಟೇಜ್ ಮೇಲೆ ನೀನೇ ಎರಡು ಮಾತು ಹೇಳ್ತೀಯಾ? ಹೊಸ ದಾನಿಗಳು ಬರ್ತಾರೆ. ನಮಗೂ ಒಳ್ಳೇದಾಗುತ್ತೆ, ಅಧ್ಯಕ್ಷರಿಗೂ ಆಸೆ ಇದೆ.”

ಚೂಟಿ ಲೋಟವನ್ನು ಮೇಜಿನ ಮೇಲಿಟ್ಟಳು. ಬಾಗಿಲಕ್ಕನ ಮುಖವನ್ನೇ ನೋಡಿದಳು. ನಗಲಿಲ್ಲ.

“ಬೇಡಕ್ಕಾ.”

ಒಂದು ಕ್ಷಣ ಬಾಗಿಲಕ್ಕನಿಗೆ ಚುರುಕ್ಕೆಂದಿತು. ಇಷ್ಟೆಲ್ಲ ಮಾಡಿದ ನನಗೇ ಬೇಡ ಅಂತಾಳಲ್ಲ ಎಂದು ಅವಳಿಗೆ ಅನಿಸಿತು, ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುಕ್ಷಣ ಬಿಸ್ಕತ್ತಿನ ತಟ್ಟೆ ನೆನಪಾಯಿತು. “ಆಯ್ತು ಮರಿ” ಎಂದಷ್ಟೇ ಹೇಳಿದಳು.

ಹುಡುಗಿ ಚೀಲ ಹೆಗಲಿಗೇರಿಸಿ, ತೆರೆದ ಬಾಗಿಲು ದಾಟಿ, ಬಸ್ಸು ಹಿಡಿಯಲು ಧಡಧಡನೆ ಮೆಟ್ಟಿಲಿಳಿದು ಹೋದಳು. ಟೀ ಕುಡಿದ ಲೋಟವನ್ನು ತೊಳೆಯದೆ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಳು. ಬಾಗಿಲಕ್ಕ ಅದನ್ನು ಎತ್ತಿಕೊಂಡು ಹೋಗಿ, ಕಣ್ಣೊರೆಸಿಕೊಳ್ಳುತ್ತಾ, ತಾನೇ ತೊಳೆದಿಟ್ಟಳು.