ಖಾಲಿ ಇದ್ದ ತಾರೀಖು

ನಮ್ಮನೆಯವರ ಕೆಲಸ ಏನೆಂದು ಯಾರಾದರೂ ಕೇಳಿದರೆ "ತಾರೀಖು ತುಂಬಿಸೋದು" ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಗಲಿ, ನನಗೇನು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ನೀವು ನೋಡಿರುತ್ತೀರಿ. ದೊಡ್ಡ ಅಂಕಿ, ಅದರ ಕೆಳಗೆ ವಾರ, ತೀರಾ ಬುಡದಲ್ಲಿ ಸಣ್ಣ ಅಕ್ಷರದಲ್ಲಿ "ಈ ದಿನ" ಎಂದು ಶುರುವಾಗುವ ಒಂದು ಸಾಲು. ಈ ದಿನ ಇಂಥ ರಾಜ ಪಟ್ಟಕ್ಕೆ ಬಂದ, ಈ ದಿನ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ, ಈ ದಿನ ಅಂಚೆಯ ದಿನ, ಈ ದಿನ ಕೈ ತೊಳೆಯುವ ದಿನ. ಆ ಸಾಲುಗಳನ್ನು ಹುಡುಕಿ ಬರೆದು, ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಇವರು. ಕೈ ತೊಳೆಯೋಕೂ ಒಂದು ದಿನ ಬೇಕಾ, ಮಿಕ್ಕ ದಿನ ಏನು ಮಾಡಬೇಕಂತೆ ಎಂದು ನಾನು ರೇಗಿಸಿದರೆ, "ಮಿಕ್ಕ ದಿನ ನಿನ್ನ ಬಾಯಿಗೆ ಬೀಗ ಹಾಕೋ ದಿನ ಅಂತ ಹಾಕ್ತೀನಿ, ತಾಳು" ಎನ್ನುತ್ತಿದ್ದರು. ಆಗ ಹಾಗೆಲ್ಲ ಮಾತಾಡುತ್ತಿದ್ದ ಮನುಷ್ಯ.

ಬೀದಿಯವರು ಇವರಿಗೆ ತಾರೀಖಪ್ಪ ಎಂದು ಹೆಸರಿಟ್ಟಿದ್ದರು. ಪ್ರೆಸ್ಸು ನಮ್ಮ ಬೀದಿಯ ತುದಿಯಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ನಿಂತುಕೊಂಡೇ ಇವರ ಕೆಲಸ; ಎದುರಿಗೆ ಚಿಕ್ಕಚಿಕ್ಕ ಗೂಡುಗಳ ಮರದ ತಟ್ಟೆ, ಗೂಡಿಗೊಂದು ಅಕ್ಷರ. ಮೊಳೆ ತೊಳೆಯುವ ಸೀಮೆಎಣ್ಣೆಯ ವಾಸನೆ ಮನೆಗೂ ಬರುತ್ತಿತ್ತು, ಎಷ್ಟು ಒಗೆದರೂ ಅಂಗಿ ಬಿಡುತ್ತಿರಲಿಲ್ಲ. ಈ ವರ್ಷ ಅರ್ಧ ಮುಗಿಯುವುದರೊಳಗೆ ಬರುವ ವರ್ಷದ ಹಾಳೆಗಳೆಲ್ಲ ಜೋಡಿಸಿ ಆಗಬೇಕು. ನಾವೆಲ್ಲ ಇವತ್ತಿನಲ್ಲಿದ್ದರೆ ಇವರು ಮುಂದಿನ ವರ್ಷದಲ್ಲಿರುತ್ತಿದ್ದರು. ಒಮ್ಮೆ ಜೋಡಿಸಿದ ಸಾಲನ್ನು ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ ಕಟ್ಟಿ ಇಟ್ಟು, ಪ್ರತಿ ವರ್ಷ ವಾರ ಮಾತ್ರ ಬದಲಿಸಿ ಅದನ್ನೇ ಅಚ್ಚು ಹಾಕುತ್ತಿದ್ದರು.

ಒಂದು ವರ್ಷ ಒಂದು ತಾರೀಖು ಖಾಲಿ ಉಳಿಯಿತು. ಯಾವ ತಾರೀಖೆಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಎದ್ದು ನಿಮ್ಮ ಮನೆಯ ಗೋಡೆ ನೋಡುತ್ತೀರಿ, ಅದು ಬೇಡ. ಅಲ್ಲಿವರೆಗೆ ಅಲ್ಲಿದ್ದ ಹಳೆಯ ಸಾಲಿನ ಮೊಳೆಗಳು ಸವೆದು ಅಕ್ಷರ ಮೂಡುತ್ತಿರಲಿಲ್ಲ, ಹೊಸದು ಬೇಕಿತ್ತು. ಇವರು ತಮ್ಮ ಹತ್ತಿರವಿದ್ದ ಪುಸ್ತಕಗಳನ್ನೆಲ್ಲ ತಿರುವಿದರು. ಆ ದಿನ ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ, ಯಾವ ಯುದ್ಧವೂ ಮುಗಿದಿರಲಿಲ್ಲ. ಪ್ರೆಸ್ಸಿನ ಯಜಮಾನರು ಬಾಗಿಲಲ್ಲಿ ನಿಂತು, "ಖಾಲಿ ಬಿಟ್ರೆ ಗಿರಾಕಿಗಳು ಅಪಶಕುನ ಅಂತಾರೆ. ಏನಾದ್ರೂ ಒಂದು ತುಂಬಯ್ಯ, ಮೆಶಿನ್ ಕಾಯ್ತಾ ಇದೆ" ಅಂದರಂತೆ. ಇವರು ತುಂಬಿದರು: "ಈ ದಿನ ಹಳೆಯ ಸೇತುವೆಯೊಂದು ಕುಸಿದು ಬಿದ್ದಿತು." ಊರಿಲ್ಲ, ವರ್ಷವಿಲ್ಲ. ಅಷ್ಟು ದೊಡ್ಡ ಭೂಮಿಯ ಮೇಲೆ ಆ ತಾರೀಖಿನಲ್ಲಿ ಎಲ್ಲಾದರೂ ಒಂದು ಸೇತುವೆ ಬಿದ್ದೇ ಇರುತ್ತದೆ, ಯಾರು ಹೋಗಿ ನೋಡುತ್ತಾರೆ ಎಂದು ಇವರ ಲೆಕ್ಕ. ಸಂಜೆ ಮನೆಗೆ ಬಂದು ನನಗೆ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ.

ಮಾರನೇ ವರ್ಷ ಆ ದಿನ ಬಂತು. ಮನೆಯಲ್ಲಿ ಬೆಳಗಿನ ಹಾಳೆ ಹರಿಯುವುದು ನನ್ನ ಮೈದುನನ ಕೆಲಸ. ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಾಳೆ ಹರಿದು, ಗಟ್ಟಿಯಾಗಿ ಓದಿ, ಅಣ್ಣನನ್ನು ಗೇಲಿ ಮಾಡಿಯೇ ಹೊರಡುವುದು. ಅತ್ತೆ ಹಿತ್ತಲಿನ ನಲ್ಲಿಯ ಹತ್ತಿರ ಇದ್ದರು. "ಅತ್ತಿಗೆ, ಇವತ್ತು ಸೇತುವೆ ಬಿದ್ದಿತ್ತಂತೆ!" ಅಂದ. "ನಮ್ಮಣ್ಣ ಹೇಳಿದ ಮೇಲೆ ನೋಡ್ಕೊಂಡು ದಾಟಬೇಕಪ್ಪ." ಇವರು ಮುಖ ತೊಳೆಯುತ್ತಿದ್ದವರು ಅಲ್ಲಿಂದಲೇ, "ಹೋಗೋ, ಹೊತ್ತಾಯ್ತು ನಿಂಗೆ" ಎಂದು ಕೂಗಿದರು. ಅವನು ನಗುತ್ತಲೇ ಹೋದ.

ಗಿರಣಿ ಹೊಳೆಯ ಆಚೆ. ಬೆಳಗಿನ ಪಾಳಿಯವರು ಒಟ್ಟಿಗೆ ದಾಟುವ ಹೊತ್ತಿಗೆ ಸೇತುವೆಯ ನಡುವಿನ ಭಾಗ ಕೆಳಗೆ ಹೋಯಿತು. ನಾನು ಒಲೆಯ ಮುಂದೆ ಇದ್ದೆ, ಸದ್ದು ಕೇಳಿದ್ದು ನಿಜ, ಎಲ್ಲೋ ಮರದ ದಿಮ್ಮಿ ಇಳಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಬೀದಿಯೇ ಎದ್ದು ಓಡಿತು. ಕೆಲವರು ಈಜಿ ಬಂದರು, ಕೆಲವರು ಕೆಳಗಿನ ಊರುಗಳ ದಡದಲ್ಲಿ ಸಿಕ್ಕರು. ನಮ್ಮವನು ಸಿಗಲಿಲ್ಲ, ಅವನ ಚಪ್ಪಲಿ ಕೂಡ ಸಿಗಲಿಲ್ಲ. ಹರಿದ ಹಾಳೆ ಮಾತ್ರ ಬಾಗಿಲ ಪಕ್ಕದ ಗೂಡಿನಲ್ಲಿ ಅವನಿಟ್ಟ ಹಾಗೇ ಇತ್ತು. ಯಾರೂ ನೋಡುವ ಮೊದಲು ನಾನೇ ಅದನ್ನು ಒಲೆಗೆ ಹಾಕಿದೆ.

ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು ಅಷ್ಟೇ ರೀ ಎಂದು ನಾನು ಎಷ್ಟು ಸಲ ಹೇಳಿದೆನೋ. ಇವರು ಕೇಳಿಸಿಕೊಂಡರೆ ತಾನೆ. "ಕಾಗೆನ ಕೂರಿಸಿದ್ದು ಯಾರು?" ಎಂದು ಒಂದೇ ಮಾತು. ಆ ಸಾಲನ್ನು ಬಿಚ್ಚಿಹಾಕಲು ಯಜಮಾನರ ಹತ್ತಿರ ಹೋದರು. ಯಜಮಾನರಿಗೆ ಹಳೆಯದೆಲ್ಲ ಎಲ್ಲಿ ನೆನಪು, "ಬಿಚ್ಚೋದಾ? ಈಗ ಅದು ನಮ್ಮೂರಿನ ದಿನ ಕಣಯ್ಯ, ಇರ್ಲಿ" ಅಂದುಬಿಟ್ಟರು. ಅದಕ್ಕೆ ಮುಂದಿನ ವರ್ಷವೂ ಅದೇ ಸಾಲು ಬಂತು. ಹಿಂದಿನ ವರ್ಷದ್ದನ್ನು ಯಾರೂ ಗಮನಿಸಿರಲಿಲ್ಲ. ಆ ಇರುವೆ ಅಕ್ಷರ ಓದುವವರು ಎಷ್ಟು ಜನ? ಈಗ ಎಲ್ಲರೂ ಓದಿದರು. ಗಂಡನನ್ನು ಕಳೆದುಕೊಂಡವರು, ಮಗನನ್ನು ಕಳೆದುಕೊಂಡವರು ನಮ್ಮ ಬಾಗಿಲಿಗೆ ಬಂದು, ನಮ್ಮವರನ್ನ ನೀವಾದ್ರೂ ನೆನೆಸಿಕೊಂಡ್ರಲ್ಲ ತಾರೀಖಪ್ಪ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಇವರ ಕೈ ಹಿಡಿದುಕೊಂಡರು. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆಗೆ ಓದು ಬಾರದು, ಆದರೂ ಆ ಹಾಳೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು. "ತಮ್ಮನ ಮೇಲೆ ಎಷ್ಟು ಜೀವ ನೋಡೇ ಇವನಿಗೆ" ಎಂದು ನನಗೆ ಹೇಳಿದರು.

ಆಮೇಲಿನ ವರ್ಷಗಳಲ್ಲಿ ನನ್ನ ಗಂಡ ಹೇಗಾದರು ಎಂದು ಹೇಳಿದರೆ ನಂಬುವುದು ಕಷ್ಟ. ಕ್ಯಾಲೆಂಡರಿನಿಂದ ಒಂದೊಂದೇ ಯುದ್ಧ, ಒಂದೊಂದೇ ಭೂಕಂಪ ಕಾಣೆಯಾಗುತ್ತಾ ಬಂತು. ಬರೀ ಹುಟ್ಟಿದವರು, ಹೂವು, ಹಾಲು, ಹಲ್ಲಿನ ದಿನ. "ಏನ್ರೀ ತಾರೀಖಪ್ಪ, ನಿಮ್ಮ ಲೋಕದಲ್ಲಿ ಈಗ ಯಾರೂ ಸಾಯೋದೇ ಇಲ್ವಾ?" ಎಂದು ಅಂಗಡಿಯವನು ತಮಾಷೆ ಮಾಡಿದ್ದಕ್ಕೆ ಇವರು ಬಹಳ ದಿನ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ನಾಳೆ ಮಳೆ ಬರಬಹುದು ಎಂಬ ಮಾತು ಕೂಡ ಬಾಯಿಂದ ಬರುತ್ತಿರಲಿಲ್ಲ. ನಮ್ಮ ಮಗಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಮೆಟ್ಟಿಲ ಮೇಲೆ ಕೂತು, "ಇವತ್ತಿಗೆ ನಾನೇನು ಬರೆದಿದ್ದೆ? ಹೇಳೇ, ಏನು ಬರೆದಿದ್ದೆ?" ಎಂದು ನನ್ನನ್ನು ಹಿಂಡುತ್ತಿದ್ದರು. ಹಾಲಿನ ದಿನ ರೀ, ಹಾಲಿನಿಂದ ಯಾರಿಗೆ ಏನಾಗುತ್ತೆ ಎಂದರೆ ಆ ಹಾಲಿನಲ್ಲೂ ಏನೋ ಹುಡುಕುತ್ತಿದ್ದರು. ಊಟಕ್ಕೆ ಕೂತಾಗ ತಮ್ಮ ಪಕ್ಕಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಿದ್ದರು, ಅಲ್ಲಿ ಮಗಳನ್ನೂ ಕೂರಲು ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಆ ಜಾಗವನ್ನು ನೋಡಿದರೆ ಹೆದರಿಕೆಯೂ ಆಗುತ್ತಿತ್ತು. ನಮ್ಮನೆಯಿಂದ ಹೊಳೆಗೆ ಹೋದವನು ಒಬ್ಬನೇ ಎಂದು ಊರು ಅಂದುಕೊಂಡಿತ್ತು, ನನ್ನ ಲೆಕ್ಕದಲ್ಲಿ ಹೋದವರು ಇಬ್ಬರು.

ಒಂದು ದಿನ ಮಧ್ಯಾಹ್ನ ಅತ್ತೆ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದರು. ಇವರು ಊಟಕ್ಕೆ ಬಂದಿದ್ದರು. ಅತ್ತೆ ಕೇಳಿದರು, "ಮಗಾ, ಬರೋ ವರ್ಷದ್ದು ಜೋಡಿಸ್ತಾ ಇದ್ದೀಯಲ್ಲ. ಆ ಸಾಲಿನ ಜೊತೆ ತಮ್ಮನ ಹೆಸರನ್ನೂ ಹಾಕೋ. ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ಅವನ ಹೆಸರು ಅಚ್ಚಾಗ್ಲಿ."

ಇವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಇಷ್ಟು ವರ್ಷ ನುಂಗಿಕೊಂಡದ್ದು ಒಮ್ಮೆಲೇ ಹೊರಗೆ ಬಂತು. "ಅಮ್ಮ, ಆ ಸಾಲು ಅವನು ಹೋದ್ಮೇಲೆ ಬರೆದದ್ದಲ್ಲ. ಮೊದಲೇ ಬರೆದದ್ದು. ಎಲ್ಲೂ ಯಾವ ಸೇತುವೆನೂ ಬಿದ್ದಿರ್ಲಿಲ್ಲ, ಹಾಳೆ ತುಂಬಿಸೋಕೆ ಸುಳ್ಳು ಬರೆದೆ. ನಾನು ಬರೆದೆ, ಅದು ಬಿತ್ತು. ಅವತ್ತು ಅವನೇ ಓದಿ ಹೇಳಿ ಹೋದ."

ನಾನು ಅತ್ತೆಯ ಕಾಲು ಹಿಡಿಯುವುದೋ ಇವರ ಬಾಯಿ ಮುಚ್ಚುವುದೋ ತಿಳಿಯದೆ ನಿಂತೆ. ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದುಹೋದರು. ಅವತ್ತಿನಿಂದ ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಮಗನ ಮುಖ ಮಾತ್ರ ನೋಡುತ್ತಿರಲಿಲ್ಲ. ಇವರು ಇನ್ನಷ್ಟು ಕುಗ್ಗಿದರು. ಒಂದು ವಾರದ ಮೇಲೇನೋ, ಇವರು ಪ್ರೆಸ್ಸಿಗೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನೀನು ಬರೆದದ್ದು ಆಗುತ್ತೆ ಅಂತೀಯಾ?"

ಇವರು ತಲೆ ತಗ್ಗಿಸಿದರು.

"ಆಗುತ್ತೆ ಅಂತಾದ್ರೆ ಬರಿ. ಸೇತುವೆಗೆ ಹೋದವರೆಲ್ಲ ಮನೆಗೆ ಬಂದ್ರು ಅಂತ ಬರಿ."

"ಅಮ್ಮ, ಬೇಡಮ್ಮ."

"ಬೀಳ್ಸೋಕೆ ಬರುತ್ತೆ, ಕರ್ಕೊಂಡು ಬರೋಕೆ ಬರಲ್ವಾ? ಬರಿ."

ನಾನು ಬಾಯಿ ಹಾಕಿದೆ. ಅತ್ತೆಗೆ ವಯಸ್ಸಾಗಿದೆ, ನಿಮಗೇನಾಗಿದೆ ರೀ ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಊರವರು ಹೊಡೆಯುತ್ತಾರೆ ಎಂದೆ. ಇವರು ಪ್ರೆಸ್ಸಿಗೆ ಹೋದರು. ಹಳೆಯ ಸಾಲುಗಳ ಪ್ರೂಫನ್ನು ಯಾರೂ ನೋಡುವುದಿಲ್ಲ, ಯಜಮಾನರು ಹೊಸದನ್ನಷ್ಟೇ ನೋಡುವುದು. ಇವರು ದಾರ ಬಿಚ್ಚಿ, ಆ ಸಾಲನ್ನು ಗೂಡುಗಳಿಗೆ ವಾಪಸು ಹಾಕಿ, ಅದೇ ಮೊಳೆಗಳಿಂದ ಹೊಸ ಸಾಲು ಜೋಡಿಸಿದರು: "ಈ ದಿನ ಸೇತುವೆಗೆ ಹೋದವರೆಲ್ಲ ಮನೆಗೆ ಮರಳಿದರು." ಕ್ಯಾಲೆಂಡರ್ ಮನೆಮನೆಗೆ ಹೋಯಿತು. ಆ ಹಾಳೆ ಮಿಕ್ಕ ಹಾಳೆಗಳ ಕೆಳಗೆ ತನ್ನ ಸರದಿ ಕಾಯುತ್ತಾ ಎಲ್ಲರ ಗೋಡೆಯ ಮೇಲೂ ಇತ್ತು.

ಆ ದಿನ ಬೆಳಿಗ್ಗೆ ಅತ್ತೆ ಬೇಗ ಸ್ನಾನ ಮಾಡಿ, ಮೈದುನನ ಪೆಟ್ಟಿಗೆಯಿಂದ ನೀಲಿ ಅಂಗಿ ತೆಗೆಸಿ ಬಿಸಿಲಿಗೆ ಹಾಕಿಸಿದರು. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತರು. ಇವರು ಕೆಲಸಕ್ಕೆ ಹೋಗಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತರು. ಇವತ್ತು ಕಲ್ಲು ಬೀಳುವುದು ಖಂಡಿತ ಎಂದುಕೊಂಡು ನಾನು ಹಾಲು ತರಲು ಹೊರಟೆ. ಬೀದಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆದರೆ ಬಾಗಿಲುಗಳು ತೆರೆದಿದ್ದವು. ದರ್ಜಿ ಹೊಳೆಗೆ ಹೋದ ತನ್ನ ಹೆಂಡತಿಯ ಹೊಲಿಗೆ ಮೆಶಿನ್ನಿನ ಮೇಲಿನ ಬಟ್ಟೆ ತೆಗೆದು ಒರೆಸಿ ಇಟ್ಟಿದ್ದ. ಇಸ್ತ್ರಿಯವನ ತಾಯಿ ಅವತ್ತು ಗಿರಣಿಗೆ ಹೋಗಿದ್ದ ಕಿರಿಮಗನಿಗೆಂದು ಹೊರಗಿನ ಬಚ್ಚಲಲ್ಲಿ ಬಿಸಿನೀರು, ಟವಲು, ಹೊಸ ಸೋಪು ಇಟ್ಟು ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಕಣ್ಣು ತಪ್ಪಿಸಿದರು.

ಒಬ್ಬಳು ಮಾತ್ರ ಬಂದಳು, ಗಿರಣಿಯ ಮೇಸ್ತ್ರಿಯ ಹೆಂಡತಿ. ಹಾಳೆಯನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದಿದ್ದಳು. "ನಿಮ್ಮನೆ ಹಾಳಾಗ! ನಮ್ಮ ಗಾಯಕ್ಕೆ ಉಪ್ಪು ಹಾಕ್ತೀರಾ?" ಎಂದು ಇವರ ಮುಖಕ್ಕೇ ಎಸೆದಳು. ಅವಳು ಸ್ವಲ್ಪ ದೂರ ಹೋದವಳು ತಿರುಗಿ ಬಂದು, ಒಳಗಿದ್ದ ಅತ್ತೆಯ ಕಡೆ ಬಗ್ಗಿ, ಪಿಸುದನಿಯಲ್ಲಿ ಕೇಳಿದಳು: "ಅಜ್ಜಿ, ಎಷ್ಟು ಹೊತ್ತಿಗಂತೆ?"

ಅತ್ತೆ ಬೀದಿಯ ಕಡೆಯೇ ನೋಡುತ್ತಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಮನೆಗೆ ಹೋಗಿ ಬಾಗಿಲು ತೆರೆದಿಟ್ಟಳು.

ಸಂಜೆ ಗಿರಣಿಯ ಸೈರನ್ ಆಯಿತು. ಹೊಸ ಸೇತುವೆ ದಾಟಿ ಪಾಳಿಯವರು ಬೀದಿಗೆ ಬಂದರು. ಬೀದಿಯವರು ಪ್ರತಿ ಬಾಗಿಲಿನಿಂದಲೂ ಅವರ ಮುಖ ಒಂದೊಂದನ್ನೇ ನೋಡುತ್ತಿದ್ದರು. ಪಾಳಿಯವರಿಗೇ ಗಾಬರಿಯಾಗಿ ತಲೆ ತಗ್ಗಿಸಿ ನಡೆಯತೊಡಗಿದರು. ಹಿಂದೆ ಒಬ್ಬ ಬರುತ್ತಿದ್ದ, ಒಂದು ಭುಜ ಸ್ವಲ್ಪ ಮೇಲೆತ್ತಿ ನಡೆಯುವವನು, ನಮ್ಮವನ ಹಾಗೇ. ಇದನ್ನೆಲ್ಲ ಹುಚ್ಚು ಎಂದು ವರ್ಷವೆಲ್ಲ ಬೈದವಳು ನಾನು. ನನ್ನ ಕಾಲು ತಾನಾಗಿ ಮೆಟ್ಟಿಲಿಳಿಯಿತು, ಬಾಯಿಗೆ ಅವನ ಹೆಸರು ಬಂತು. ಅವನು ಹತ್ತಿರ ಬಂದ, ಬೇರೆ ಯಾರೋ, ದಾಟಿಕೊಂಡು ಹೋದ.

ಕತ್ತಲಾಗುತ್ತಾ ಬಂತು. ಬೀದಿಯ ಆ ತುದಿಯಿಂದ ಒಂದು ಅಗುಳಿ ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಹಾಗೇ ಒಂದೊಂದಾಗಿ ನಮ್ಮ ಕಡೆಗೆ ಬರುತ್ತಿತ್ತು. ಒಳಗಿನಿಂದ ಅತ್ತೆ ಕರೆದರು.

"ಬಂದ್ನೇನೋ?"

"ಇಲ್ಲಮ್ಮ."

"ಬರೆದಿದ್ದೆ ತಾನೆ?"

"ಬರೆದಿದ್ದೆ."

"ಅಚ್ಚಾಗಿತ್ತು ತಾನೆ? ಊರೆಲ್ಲ ಓದ್ತು ತಾನೆ?"

"ಹೂಂ."

"ಆಯ್ತಾ?"

"ಆಗ್ಲಿಲ್ಲ."

"ಮತ್ತೆ? ನೀನು ಬರೆದದ್ದು ಆಗಲ್ಲ ಕಣೋ. ಕಂಬ ಕೊಳೆತು ಲಡ್ಡಾಗಿತ್ತು, ಸೇತುವೆ ತಾನಾಗೇ ಬಿತ್ತು. ನೀನು ಯಾರನ್ನೂ ಕೊಂದಿಲ್ಲ."

ಮುದುಕಿ ಇದನ್ನು ತೋರಿಸುವುದಕ್ಕೇ ವರ್ಷವೆಲ್ಲ ಕಾದರೋ, ಇಲ್ಲ ಮಗ ಬರುತ್ತಾನೆಂದೇ ಕಾದರೋ, ನನಗೆ ಇಂದಿಗೂ ಗೊತ್ತಿಲ್ಲ. ಆ ನೀಲಿ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಡಿಸುತ್ತಿದ್ದರು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

"ಅವನು ಬರಲ್ಲ," ಎಂದರು. "ನೀನಾದ್ರೂ ಒಳಗೆ ಬಾರೋ."