ಅಳಿಸದೆ ಬಿಟ್ಟ ಫೋಲ್ಡರ್

ಆಫೀಸಿನಲ್ಲಿ ಅವಳಿಗೆ ಪೊರಕೆಯಮ್ಮ ಎಂದೇ ಹೆಸರು. ಪಕ್ಕದವರ ಮೇಜಿನ ಮೇಲೆ ಖಾಲಿ ಲೋಟ ಕಂಡರೂ ಕೈ ಸುಮ್ಮನಿರದು. ಇಂಥವಳು ತನ್ನದೇ ಕಸವನ್ನು ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟಿದ್ದಳಲ್ಲ, ಏನು ಹೇಳೋಣ!

ರಕ್ತಪರೀಕ್ಷೆಯ ಲ್ಯಾಬುಗಳಿಗೆ ರಿಪೋರ್ಟ್ ತಯಾರಿಸುವ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕೆಂದು ಅವಳು ಬರೆದ ಟೆಸ್ಟು, ಅಂದರೆ ದಿನಾ ತಾನಾಗಿ ಓಡುವ ಪರೀಕ್ಷೆ, ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಫೈಲು ತೆರೆದು, ಪ್ರೋಗ್ರಾಂ ಅದರಲ್ಲಿ ಅಂಕಿಗಳನ್ನು ಬರೆಯಿತೇ ಎಂದು ನೋಡುತ್ತಿತ್ತು. ನೋಡಿಯಾದ ಮೇಲೆ ಫೈಲು ಮುಚ್ಚಬೇಕು, ಫೋಲ್ಡರ್ ಅಳಿಸಬೇಕು. ಅದೊಂದನ್ನು ಮಾಡಿರಲಿಲ್ಲ, ಹಳೆಯ ಅಂಕಿಗಳು ಅದೇ ಫೋಲ್ಡರಿನಲ್ಲಿ ರಾಶಿಬೀಳುತ್ತಿದ್ದವು. ಟೆಸ್ಟೇನೋ ದಿನಾ ಪಾಸಾಗುತ್ತಿತ್ತು, ಪ್ರೋಗ್ರಾಂ ಪಕ್ಕದ ಬೀದಿಯ ಲ್ಯಾಬನ್ನೂ ಸೇರಿತ್ತು.

ಸುಸ್ತು ಸುಸ್ತು ಎನ್ನುತ್ತಿದ್ದ ಅಕ್ಕನನ್ನು ಅವಳೇ ಆ ಲ್ಯಾಬಿಗೆ ಕಳಿಸಿದಳು. ಎಲ್ಲವೂ ಸರಿಯಿದೆ ಎಂದು ರಿಪೋರ್ಟ್ ಬಂತು. “ನೋಡಿದ್ಯಾ, ಬರೀ ನಾಟಕ,” ಎಂದು ಭಾವ ನಕ್ಕರು. ಅಮ್ಮ ಮನಸ್ಸಿನ ಭ್ರಮೆ ಎಂದಳು. ಇವಳೂ ಬಿಟ್ಟಳೇ? “ಸುಮ್ನೆ ಕೊರಗಬೇಡ ಕಣೇ, ಎದ್ದು ಓಡಾಡು,” ಎಂದು ಗದರಿದಳು. ಅಕ್ಕ ಆಮೇಲೆ ಸುಸ್ತಿನ ಮಾತೇ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಜಾಗ ಮುಗಿಯಿತು. “ಪೊರಕೆಯಮ್ಮಾ, ಈ ರಾಶಿಯೆಲ್ಲ ನಿಮ್ಮದೇ!” ಎಂದು ಮ್ಯಾನೇಜರು ಕಿಚಾಯಿಸಿದರು. ನಾಚಿಕೊಂಡು ಹಳೆಯದನ್ನೆಲ್ಲ ಅಳಿಸಿದಳು, ಫೈಲು ಮುಚ್ಚಿ ಫೋಲ್ಡರ್ ತೆಗೆಯುವ ಸಾಲನ್ನೂ ಸೇರಿಸಿ ಟೆಸ್ಟು ಓಡಿಸಿದಳು.

ಫೇಲ್! ಫೈಲಿನಲ್ಲಿ ಏನೂ ಇಲ್ಲ.

ಕೆದಕಿ ನೋಡಿದಾಗ ಕಾರಣ ಸಿಕ್ಕಿತು. ಪ್ರೋಗ್ರಾಂ ಒಮ್ಮೊಮ್ಮೆ ಬರೆಯುತ್ತಲೇ ಇರಲಿಲ್ಲ, ಬರೆದೆ ಎಂದು ಸುಳ್ಳು ಹೇಳಿ ಮೊದಲೇ ಅಲ್ಲಿದ್ದ ಅಂಕಿಗಳನ್ನೇ ಎತ್ತಿಕೊಡುತ್ತಿತ್ತು. ಟೆಸ್ಟಿನಲ್ಲಿ ದಿನಾ ಒಂದೇ ಅಂಕಿ, ಹಾಗಾಗಿ ನಿನ್ನೆಯದು ಇವತ್ತಿಗೂ ಸರಿಹೋಗುತ್ತಿತ್ತು. ಲ್ಯಾಬಿನಲ್ಲಿ? ಹೆಸರು ನಮ್ಮದು, ರಕ್ತ ಹಿಂದೆ ಬಂದು ಹೋದವರದು!

ಮ್ಯಾನೇಜರ ಬಳಿ ಓಡಿ ಎಲ್ಲ ಹೇಳಿದಳು.

“ತಪ್ಪು ರಿಪೋರ್ಟ್ ಯಾರಿಗೆ ಹೋಗಿದೆ?”

“ಗೊತ್ತಿಲ್ಲ ಸಾರ್. ಗೊತ್ತಾಗೋ ದಾರೀನೂ ಇಲ್ಲ. ಎಲ್ಲರನ್ನೂ ಮತ್ತೆ ಕರೀಬೇಕು.”

ಮ್ಯಾನೇಜರು ಬೈಯುವುದನ್ನೂ ಮರೆತು ಲ್ಯಾಬಿಗೆ ಫೋನು ಹಚ್ಚಿದರು.

ಅವಳು ಮೆಟ್ಟಿಲ ಬಳಿ ನಿಂತು ಅಕ್ಕನ ನಂಬರು ಒತ್ತಿದಳು. ಅಕ್ಕನ ರಿಪೋರ್ಟ್ ಅಕ್ಕನದೇ ಇರಬಹುದು, ಇಲ್ಲದೆಯೂ ಇರಬಹುದು. ದೇವರೇ, ಏನಾದರೂ ದೊಡ್ಡದಿದ್ದರೆ? ಇಷ್ಟು ದಿನ ವ್ಯರ್ಥವಾಯಿತಲ್ಲ, ಅದೂ ತನ್ನ ಕೈಯಾರೆ!

“ಅಕ್ಕಾ, ಇನ್ನೊಂದ್ಸಲ ರಕ್ತ ಕೊಡ್ಬೇಕು, ಬೇರೆ ಲ್ಯಾಬಲ್ಲಿ. ಈಗ್ಲೇ ಹೊರಡು, ನಾನೂ ಬರ್ತೀನಿ. ಆ ರಿಪೋರ್ಟ್ ನಂಬೋ ಹಾಗಿಲ್ಲ. ನನ್ನಿಂದಾನೇ ತಪ್ಪಾಯ್ತು.”

ಅಕ್ಕ ಹೆದರಿದಳೇನೋ, ಅಳುತ್ತಾಳೇನೋ ಎಂದು ಇವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಹಾಗಾದ್ರೆ ನಾನು ನಾಟಕ ಆಡ್ತಿರ್ಲಿಲ್ಲ, ಅಲ್ವೇನೇ?” ಎಂದಳು ಅಕ್ಕ. ಅವಳ ದನಿಯಲ್ಲಿ ಭಯವಿರಲಿಲ್ಲ, ಸಮಾಧಾನವಿತ್ತು.