ಹಿಂದಿನ ಜಗಲಿಯ ಕಪಾಟು

ನಮ್ಮ ಮನೆಯವರ ಸ್ಕ್ರೂಡ್ರೈವರಿಗೆ ಈಗ ಇಂಗಿನ ವಾಸನೆ. ಇಕ್ಕಳ ಎತ್ತಿಕೊಂಡರೆ ಜೀರಿಗೆ, ಮೊಳೆ ಡಬ್ಬಿ ತೆಗೆದರೆ ಮೆಂತ್ಯ. ಮೊನ್ನೆ ಪಕ್ಕದ ಮನೆಯವರು ಸುತ್ತಿಗೆ ಒಯ್ದಿದ್ದರು. ವಾಪಸ್ ಕೊಡುವಾಗ ಅದನ್ನೊಮ್ಮೆ ಮೂಗಿನ ಹತ್ತಿರ ಹಿಡಿದು ನೋಡಿ ಕೊಟ್ಟು ಹೋದರು. ಕಾರಣ ಇಷ್ಟೇ. ಇಸಳೂರಿನ ನಮ್ಮ ಮನೆಗೆ ಈ ಬೇಸಿಗೆಯಲ್ಲಿ ಹೊಸ ಅಡುಗೆಮನೆ ಬಂತು. ಒತ್ತಿದರೆ ತೆರೆಯುವ, ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರುಗಳು. ಹಳೆಯ ಮೂರು ಕಪಾಟುಗಳು ಗೋಡೆಯಿಂದ ಕೆಳಗಿಳಿದವು. ಹರಿದ ಹಗ್ಗವನ್ನೂ ಎಸೆಯದ ಮನುಷ್ಯ ಅವನ್ನು ಗುಜರಿಗೆ ಕೊಟ್ಟಾರೆ? ಮಸಾಲೆ ಡಬ್ಬಿಗಳಿದ್ದದ್ದು ಅವರ ಹತ್ಯಾರಗಳಿಗೆ ಆಯಿತು. ಇನ್ನೊಂದು ಬಚ್ಚಲಿಗೆ ಹೋಯಿತು, ತೊಗರಿಬೇಳೆ ಇದ್ದಲ್ಲಿ ಫಿನಾಯಿಲ್ ಬಂತು. ಮೂರನೆಯದು ಎಲ್ಲಿಗೂ ಸಲ್ಲದೆ ಸೋಫಾದ ಪಕ್ಕ ನೆಂಟರ ಹಾಗೆ ಕೂತಿತ್ತು.

"ಇದನ್ನ ಬಾಗಿಲ ಹತ್ರ ಇಟ್ರೆ ಚಪ್ಪಲಿ ಇಡಲೆ ಆಗ್ತು" ಎಂದರು ಇವರು.

"ಮೊಸರು ಇಟ್ಟ ಕಪಾಟಲ್ಲಿ ಚಪ್ಪಲಿ ಇಡಲಾಗ" ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು. ಮಾತು ನನ್ನದಲ್ಲ, ನಮ್ಮ ಅತ್ತೆಯದು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಬದುಕಿದ್ದಾಗ ಅವರ ಮಾತನ್ನು ನಾನು ಇಷ್ಟು ಚೆನ್ನಾಗಿ ಕೇಳಿದ್ದೇನೂ ಇಲ್ಲ.

ಅತ್ತೆಯ ಮನೆ ಸೋಂದಾದ ಕಡೆ. ನಾನು ಮದುವೆಯಾಗಿ ಹೋದಾಗ ಆ ಮನೆಯ ಹಿಂದಿನ ಜಗಲಿಯಲ್ಲಿ ಹಲಸಿನ ಮರದ ಒಂದು ಕಪಾಟಿತ್ತು. ಮೊದಲು ಅದು ಒಳಗೆ ಹಾಲು, ಮೊಸರು, ತುಪ್ಪ ಕಾಯುತ್ತಿತ್ತಂತೆ. ಬಾಗಿಲಿಗೆ ಬಡಿದ ಜಾಳಿಗೆಯನ್ನು ಬೆಕ್ಕು ಹರಿದಿತ್ತು. ಒಳಗೆ ಹೊಸ ಕಪಾಟು ಬಂದ ಮೇಲೆ ಇದು ಹೊರಗೆ ಬಂತು. ಚಪ್ಪಲಿ ಇಡಲಾಗದು, ಗೊಬ್ಬರದ ಚೀಲ ಇಡಲಾಗದು, ಕತ್ತಿ ಗುದ್ದಲಿ ಇಡಲಾಗದು. ಅತ್ತೆಯ ಪ್ರಕಾರ ಕಪಾಟಿಗೂ ಒಂದು ಅಂತಸ್ತಿತ್ತು. ಹೀಗೆ ಅದು ಖಾಲಿ ನಿಂತಿದ್ದಾಗ ನಾನು ಬಂದೆ.

ಆ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕು. ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೆ ನಿಮ್ಮ ಅಮ್ಮನನ್ನು ಕೇಳಿ. ಒಳಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ಊಟದ ತಟ್ಟೆಯನ್ನು ದೂರದಿಂದ ಸರಿಸಿ ಕೊಡುತ್ತಾರೆ. ನನ್ನ ತವರಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಮೊದಲ ಸಲ ಆ ಜಗಲಿಯಲ್ಲಿ ಕೂತಾಗ ಅವಮಾನದಿಂದ ಅಳು ಬಂದಿತ್ತು. ಇವತ್ತಿಗೂ ಆ ಪದ್ಧತಿ ನನಗೆ ಆಗದು. ಅದರಲ್ಲಿ ಅನುಮಾನವಿಲ್ಲ.

ಆದರೆ ಎರಡನೆಯ ತಿಂಗಳು ಕೂತಾಗ ಕಪಾಟು ಖಾಲಿ ಇರಲಿಲ್ಲ. ಒಂದು ಡಬ್ಬಿಯಲ್ಲಿ ಶೇಂಗಾ ಉಂಡೆ, ಇನ್ನೊಂದರಲ್ಲಿ ಬಾಳೆಕಾಯಿ ಚಿಪ್ಸು. ರಟ್ಟು ಹರಿದ ಹಳೆಯ ವಾರಪತ್ರಿಕೆಗಳು. ಉಲ್ಲನ್ನಿನ ಉಂಡೆ, ಅದಕ್ಕೆ ಚುಚ್ಚಿಟ್ಟ ಕಡ್ಡಿ. ಯಾರು ಇಟ್ಟರೆಂದು ಅತ್ತೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ದಿನ ನನಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಹಿಂದಿನ ಸಂಜೆಯೇ ಕಪಾಟು ತುಂಬುತ್ತಿತ್ತು. ಉಳಿದ ದಿನಗಳಲ್ಲಿ ನಾನು ಎರಡು ನಿಮಿಷ ಕೂತರೆ "ಎಂತ ಮಾಡ್ತಾ ಇದ್ದೆ?" ಎಂದು ಒಳಗಿನಿಂದ ದನಿ ಬರುತ್ತಿತ್ತು. ಈ ಮೂರು ದಿನ ಮಾತ್ರ ಯಾರೂ ಕರೆಯುವಂತಿಲ್ಲ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಬರಬರುತ್ತ ನಾನು ಆ ದಿನಗಳಿಗೆ ಕಾಯತೊಡಗಿದೆ.

ಕಾಯುತ್ತಿದ್ದವಳು ನಾನೊಬ್ಬಳೇ ಅಲ್ಲ. ಮಾವನಿಗೆ ಶೇಂಗಾ ಉಂಡೆಯೆಂದರೆ ಪ್ರಾಣ, ಅತ್ತೆ ಅವರಿಗೆ ಲೆಕ್ಕ ಮಾಡಿ ಕೊಡುತ್ತಿದ್ದರು. ನಾನು ನಿದ್ದೆ ಹೋದ ಹೊತ್ತಿಗೆ ಮಾವ ಮೆಲ್ಲನೆ ಬಂದು ಕಪಾಟು ತೆಗೆಯುತ್ತಿದ್ದರು. ಹೊರಗಿನವಳ ಕಪಾಟು ಮುಟ್ಟಿದ ಮೇಲೆ ಸ್ನಾನವಾಗಬೇಕು. ಮಾವ ಕಳ್ಳರೇ ಹೊರತು ಕಟ್ಟಳೆ ಮೀರುವವರಲ್ಲ. ಹಾಗಾಗಿ ನಡುಮಧ್ಯಾಹ್ನ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿದರೆ ಉಂಡೆ ಕಡಿಮೆಯಾಯಿತೆಂದು ಮನೆಗೆಲ್ಲ ತಿಳಿಯುತ್ತಿತ್ತು. "ಸೆಕೆ" ಎನ್ನುತ್ತಿದ್ದರು ಮಾವ, ಚಳಿಗಾಲದಲ್ಲಿಯೂ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಒಂದು ವರ್ಷ ಚೌತಿಗೆ ಮುಂಚೆ ನನಗೆ ವಾರವಿಡೀ ಜ್ವರ. ಜ್ವರ ಬಿಟ್ಟಿತ್ತು, ಕಾಲಲ್ಲಿ ಶಕ್ತಿ ಇರಲಿಲ್ಲ. ಚೌತಿಯ ಮುಂಚಿನ ದಿನ ಚಕ್ಕುಲಿ ಕಂಬಳ. ಅಕ್ಕಪಕ್ಕದವರೆಲ್ಲ ಬಂದು ಸಾಲಾಗಿ ಕೂತು ಕೈಯಲ್ಲಿ ಚಕ್ಕುಲಿ ಸುತ್ತುತ್ತಾರೆ. ಹಿಟ್ಟು ನಾದುವುದು, ಕರಿಯುವುದು, ಬಂದವರಿಗೆ ಚಹಾ, ಊಟ, ಎಲ್ಲ ಮನೆಯ ಹೆಂಗಸರದು. ಆ ಮನೆಯಲ್ಲಿ ಜ್ವರ ಒಂದು ಕಾರಣವೇ ಅಲ್ಲ. ಕಷಾಯ ಕುಡಿದು ಏಳಬೇಕು. ಅದರ ಮೇಲೆ ಮಾವನ ಅಕ್ಕ ಬಂದಿದ್ದರು. ಅವರ ಕಣ್ಣೆದುರು ಸೊಸೆ ಮಲಗಿದರೆ ಮುಂದಿನ ಚೌತಿಯವರೆಗೂ ಊರೆಲ್ಲ ಅದೇ ಮಾತು. ನಾನು ಹಿಟ್ಟಿನ ಬೋಗುಣಿ ಎತ್ತಲು ಬಗ್ಗಿದೆ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದೆ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನನ್ನತ್ತ ಕೈ ತೋರಿಸಿ, ಚಕ್ಕುಲಿ ಸುತ್ತುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಇದಕ್ಕೆ ಹೊರಗಾಜು. ಇವತ್ತು ಒಳಗೆ ಬತ್ತಿಲ್ಲೆ."

"ಚೌತಿ ಹೊತ್ತಿಗೇ ಬಂತಾ?" ಎಂದರು ಮಾವನ ಅಕ್ಕ.

"ಅದೆಲ್ಲ ನಮ್ಮ ಕೈಲಿದ್ದಾ?" ಎಂದರು ಅತ್ತೆ.

ಸುಳ್ಳು. ನನ್ನ ದಿನ ಇನ್ನೂ ದೂರವಿತ್ತು, ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಒದ್ದೆ ಸೀರೆಯುಟ್ಟು ಅಡುಗೆ ಮಾಡುವ, ಮಡಿಯ ವಿಷಯದಲ್ಲಿ ಮಾವನಿಗೂ ರಿಯಾಯಿತಿ ಕೊಡದ ಹೆಂಗಸು, ಗಣಪತಿ ಮನೆಗೆ ಬರುವ ಹಿಂದಿನ ದಿನ ಹಾಗೆ ಹೇಳಿದ್ದರು. ಆ ಮನೆಯಲ್ಲಿ ಯಾರೂ ಎದುರಾಡಲಾಗದಂಥ ನೆಪ ಹೆಂಗಸಿಗೆ ಅದೊಂದೇ ಇತ್ತು. ನನ್ನ ಪಾಲಿನ ಕೆಲಸವನ್ನೆಲ್ಲ ಅವರೊಬ್ಬರೇ ಹೊತ್ತರು. ಸಂಜೆ ತಟ್ಟೆ ಸರಿಸುವಾಗ ಬಿಸಿ ಚಕ್ಕುಲಿಯೂ ಇತ್ತು, ಅವರ ಮೊಣಕೈವರೆಗೂ ಹಿಟ್ಟು.

"ತಿಂದ್ಕಂಡು ಮಲಗು. ಯಾರಿಗೂ ಎಂತೂ ಹೇಳಡ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ನಾಲ್ಕನೇ ದಿನ ತಲೆಗೆ ಮೀಯದು ಮರೆಯಡ" ಎಂದರು. ಮಾಡಿದರೆ ಸುಳ್ಳನ್ನೂ ಶಾಸ್ತ್ರೋಕ್ತವಾಗಿಯೇ ಮಾಡಬೇಕು.

ಮೂರು ದಿನ ನಿದ್ದೆ ಮಾಡಿದೆ. ಮಂಗಳಾರತಿಯ ಗಂಟೆಯನ್ನು ಜಗಲಿಯಲ್ಲೇ ಕೇಳಿದೆ. ನಿಜವಾದ ದಿನ ಬಂದಾಗ ಮತ್ತೆ ಕೂತೆ. ಆ ತಿಂಗಳು ಕಪಾಟು ಎರಡು ಸಲ ತುಂಬಿತು, ಮಾವನ ಮಧ್ಯಾಹ್ನದ ಸ್ನಾನವೂ ಎರಡು ಸುತ್ತು ನಡೆಯಿತು. ಅತ್ತೆಯನ್ನು ನಾನು ಪ್ರೀತಿಸತೊಡಗಿದ್ದು ಆಗ. ಅವರಿಗೆ ಹೇಳಲಿಲ್ಲ. ನಮ್ಮಲ್ಲಿ ಅತ್ತೆಗೆ ಸೊಸೆ ಹಾಗೆಲ್ಲ ಹೇಳುವುದಿಲ್ಲ.

ಇಸಳೂರಿಗೆ ಬಂದ ಮೇಲೆ ಹೊರಗೆ ಕೂರುವುದನ್ನು ನಾನೇ ನಿಲ್ಲಿಸಿದೆ. ನನ್ನ ಸೊಸೆ ಸಿಂಧು ಯಲ್ಲಾಪುರದ ಹುಡುಗಿ, ಶಿರಸಿಯಲ್ಲಿ ಶಾಲಾ ಟೀಚರು. ಇಲ್ಲಿ ಹೊರಗೆ ಕೂರುವುದಿಲ್ಲ, ಅದೊಂದು ಸುಖ ಎಂದು ಅವಳೇ ಒಮ್ಮೆ ಹೇಳಿದ್ದಾಳೆ. ಆದರೆ ಸ್ಕೂಟರ್ ನಿಲ್ಲಿಸಿದವಳು ಬ್ಯಾಗು ಇಟ್ಟು ನೇರ ಸಿಂಕಿನ ಮುಂದೆ. ಕೂತಿದ್ದಾಗ ನಾನು ಬಂದರೆ ಎದ್ದು ನಿಲ್ಲುತ್ತಾಳೆ. "ಕೂತ್ಕಳೇ" ಎಂದು ಎಷ್ಟು ಸಲ ಹೇಳಿದರೂ ಅಷ್ಟೆ. ಆ ಮೂರನೆಯ ಕಪಾಟಿನ ಮುಂದೆ ನಿಂತಾಗ ನನಗೆ ಹೊಳೆಯಿತು. ನಾನು ಕಟ್ಟಳೆ ತೆಗೆದೆ, ಅದರ ಜೊತೆಗೆ ರಜೆಯನ್ನೂ ತೆಗೆದಿದ್ದೆ.

ಕಪಾಟನ್ನು ಮಹಡಿಯ ಬಾಲ್ಕನಿಗೆ ಸಾಗಿಸಿದೆವು. ಪಕ್ಕದಲ್ಲಿ ಒರಗುವ ಕುರ್ಚಿ. ಒಂದು ಡಬ್ಬಿ ಚಕ್ಕುಲಿ, ನಾಲ್ಕು ಪುಸ್ತಕ, ಸಿಂಧು ಅರ್ಧಕ್ಕೆ ಬಿಟ್ಟಿದ್ದ ಕಸೂತಿ ಇಟ್ಟೆ. ಪಾತ್ರೆ ತೊಳೆಯುತ್ತಿದ್ದವಳನ್ನು ನಿಲ್ಲಿಸಿ ಅತ್ತೆಯ ಕಥೆ ಹೇಳಿದೆ. ನಲ್ಲಿ ಮುಚ್ಚಿ ಕೇಳಿದಳು. ಕೊನೆಗೆ, "ಜ್ವರ ಹೇಳಿ ಸೀದಾ ಹೇಳಲೆ ಆಗ್ತಿತ್ತಿಲ್ಯಾ ಅತ್ತೆ?" ಎಂದಳು. ಆಗುತ್ತಿರಲಿಲ್ಲ ಎಂದೆ. ಮೇಲಿನ ಕುರ್ಚಿ ನಿನಗೇ ಎಂದೂ ಹೇಳಿದೆ. ಆದರೆ ವಾರ ಕಳೆದರೂ ಕುರ್ಚಿ ಖಾಲಿಯೇ ಇತ್ತು.

ಕಳೆದ ಭಾನುವಾರ ಸಿದ್ದಾಪುರದಿಂದ ಇವರ ದೊಡ್ಡಪ್ಪನ ಮಗಳು ಶಾರದಕ್ಕ ಊಟಕ್ಕೆ ಬಂದಿದ್ದರು. ಸಿಂಧು ವಾರವಿಡೀ ಪರೀಕ್ಷೆಯ ಪೇಪರು ತಿದ್ದಿ ಕಣ್ಣು ಕೆಂಪಾಗಿಸಿಕೊಂಡಿದ್ದಳು. ಊಟ ಮುಗಿಯಿತು. ಕೈತೊಳೆದವಳು ನನ್ನನ್ನೊಮ್ಮೆ ನೋಡಿ ಮೆಟ್ಟಿಲು ಹತ್ತಿದಳು. ಮೇಲೆ ಕಪಾಟಿನ ಬಾಗಿಲು ಕಿರ್ರೆಂದಿತು. ಸಿಂಕಿನ ತುಂಬ ಪಾತ್ರೆ.

"ಸಿಂಧು, ಕವಳದ ತಟ್ಟೆ ತಗಂಡು ಬಾರೆ" ಎಂದು ಶಾರದಕ್ಕ ಎಲೆಯಡಿಕೆಗೆ ಕೂಗಿದರು. ಯಾರೂ ಇಳಿದು ಬರಲಿಲ್ಲ. ನನ್ನ ಕಡೆ ಬಗ್ಗಿ ದನಿ ತಗ್ಗಿಸಿ ಕೇಳಿದರು.

"ಅದಕ್ಕೆ ಹೊರಗಾಜನೇ?"

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲೆ ಅಕ್ಕಾ" ಎಂದೆ. "ಸುಮ್ಮನೆ ಕೂತಿದ್ದು."